142ನೇ ನಂಬರಿನವರಿಗೆ ಬ್ಯಾನ್ ಏನು ಲೆಕ್ಕ?

ಮೊನ್ನೆ ಬೆಳಗಾವಿಯ ಕ್ಯಾಂಪ್‌ನಲ್ಲಿ ಚಹಾ ಕುಡಿಯುವಾಗ ದೋಸ್ತ ಒಬ್ಬ ಕೇಳಿದ, "ಅಲ್ಲಲೇ, ಹೆಂಗೂ 142ಕ್ಕ ಬಿದ್ದೇವಿ. ನಾಳೆ ಫಿಫಾದವರು ಮತ್ತ ಬ್ಯಾನ್ ಮಾಡಿದ್ರ ನಮ್ದೇನ್ ಹೋಗ್ತೈತಿ?"

142 ಅಂದರೆ ಜಗತ್ತಿನ ಫುಟ್ಬಾಲ್ ನಡೆಸುವ ಫಿಫಾದ ಪಟ್ಟಿಯಲ್ಲಿ ಇಂಡಿಯಾ ಗಂಡಸರ ತಂಡದ ಸ್ಥಾನ. ಅವನ ಸಿಟ್ಟು ಸುಮ್ನೆ ಬಂದದ್ದಲ್ಲ. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಎದುರು 1-0 ಸೋತು ಆ ನಂಬರಿಗೆ ಇಳಿದೆವು. ಅವರು ನಮ್ಮನ್ನು ಸೋಲಿಸಿ 22 ವರ್ಷ ಆಗಿತ್ತು. ಅದಕ್ಕೂ ಎರಡು ವರ್ಷ ಹಿಂದೆ, 2023ರಲ್ಲಿ, ಇದೇ ತಂಡ ಬೆಂಗಳೂರಿನ ಕಂಠೀರವದಲ್ಲಿ ಕುವೈತ್ ಮೇಲೆ ಪೆನಾಲ್ಟಿಯಲ್ಲಿ ಗೆದ್ದು ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಎತ್ತಿತ್ತು, ನೂರರ ಒಳಗೂ ಬಂದಿತ್ತು. ಹೊಟ್ಟೆ ಉರಿಯದೆ ಇರುತ್ತಾ?

ಆದರೂ ಅವನ ಮಾತು ತಪ್ಪು. ಆಡಿ ಸೋತು ಕೆಳಗೆ ಬೀಳುವುದು ಬೇರೆ, ಗ್ರೌಂಡಿನ ಗೇಟೇ ಮುಚ್ಚುವುದು ಬೇರೆ.

ಹಿಂದಿನ ಸಲ ಫಿಫಾ ಬ್ಯಾನ್ ಮಾಡಿದ ಸುದ್ದಿ ಬಂದ 2022ರ ಆಗಸ್ಟ್ 16 ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ದಿನ ಧ್ವಜ ಹಾರಿಸಿ ಹಂಚಿದ್ದ ಬೂಂದಿ ಲಾಡು ಇನ್ನೂ ಮನೆಯಲ್ಲಿತ್ತು. ಜಿಟಿಜಿಟಿ ಮಳೆ. ಲೇಲೆ ಗ್ರೌಂಡಿನಲ್ಲಿ ಹುಡುಗರು ಕೆಂಪು ಕೆಸರಲ್ಲೇ ಆಡುತ್ತಿದ್ದರು, ಬಾಲ್ ಯಾವುದು ಕಾಲು ಯಾವುದು ಗೊತ್ತಾಗುತ್ತಿರಲಿಲ್ಲ. ಅದರಲ್ಲೊಬ್ಬ ಓಡಿ ಬಂದು, "ಕಾಕಾ, ಇಂಡಿಯಾಕ್ಕ ಬ್ಯಾನ್ ಮಾಡ್ಯಾರಂತ. ನಮ್ ರವಿವಾರದ ಮ್ಯಾಚ್ ಐತೋ ಇಲ್ರೀ?" ಎಂದ. ನಕ್ಕು, ನಿಮ್ಮ ಮ್ಯಾಚಿಗೆ ಏನೂ ಆಗುವುದಿಲ್ಲ ಹೋಗು ಎಂದೆ.

ಆದರೆ ಅದೇ ಹೊತ್ತಿಗೆ ಗೋಕುಲಂ ಕೇರಳ ಕ್ಲಬ್ಬಿನ ಹುಡುಗಿಯರು ತಾಷ್ಕೆಂಟ್‌ನಲ್ಲಿದ್ದರು. ದೇಶದ ಲೀಗ್ ಗೆದ್ದು ಏಷ್ಯಾದ ಕ್ಲಬ್ ಟೂರ್ನಿ ಆಡಲು ಹೋದವರು. ವಿಮಾನ ಇಳಿದರೆ ಸುದ್ದಿ ಕಾದಿತ್ತು. ಪ್ರಧಾನಿಗೆ ಕೈ ಮುಗಿದು ಕೇಳಿಕೊಂಡರು. ಏನೂ ಆಗಲಿಲ್ಲ, ಒಂದು ಬಾಲ್ ಒದೆಯದೆ ವಾಪಸ್ ಬಂದರು. ಆಗಸ್ಟ್ 26ಕ್ಕೆ ಬ್ಯಾನ್ ತೆಗೆದರು, ಎಲ್ಲರೂ ನಿಟ್ಟುಸಿರು ಬಿಟ್ಟೆವು. ಆ ಹುಡುಗಿಯರ ಮ್ಯಾಚ್ ಮಾತ್ರ ಹೋಗಿದ್ದು ಹೋಗಿಬಿಟ್ಟಿತು.

ಆಗ ವಾಟ್ಸಾಪ್ ತುಂಬಾ ಒಂದೇ ಮಾತು, ನಮ್ಮ ಸುಪ್ರೀಂ ಕೋರ್ಟಿಗಿಂತ ಫಿಫಾ ದೊಡ್ಡದಾ ಅಂತ. ನಾನೂ ಎರಡು ದಿನ ಹಾಗೇ ಕೂಗಾಡಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ನೋಡಿದರೆ ಇದು ನಮ್ಮ ಕಡೆಯ ಸೊಸೈಟಿ ಕಥೆಯೇ. ಬೋರ್ಡಿನ ಅವಧಿ ಮುಗಿದಿರುತ್ತದೆ, ಎಲೆಕ್ಷನ್ ಆಗುವುದಿಲ್ಲ, ಯಾವುದೋ ಕೇಸ್ ತೋರಿಸಿ ಅಧ್ಯಕ್ಷರು ಕುರ್ಚಿ ಬಿಡುವುದಿಲ್ಲ. ಕೊನೆಗೆ ಆಡಳಿತಾಧಿಕಾರಿ ಬಂದು ಕೂರುತ್ತಾರೆ. ಜಗಳ ಮೇಲೆ, ಉತಾರ ಹಿಡಿದು ಸಾಲಕ್ಕೆ ನಿಂತ ರೈತ ಬಾಗಿಲಲ್ಲಿ.

ನಮ್ಮ ಫುಟ್ಬಾಲ್ ಫೆಡರೇಷನ್‌ನಲ್ಲೂ ಅದೇ ಆಗಿದ್ದು. ಅಧ್ಯಕ್ಷ ಪ್ರಫುಲ್ ಪಟೇಲ್ ಅವರ ಅವಧಿ 2020ರ ಡಿಸೆಂಬರ್‌ಗೇ ಮುಗಿದಿತ್ತು. ಫೆಡರೇಷನ್ನಿನ ಸಂವಿಧಾನದ ಕೇಸ್ ಸುಪ್ರೀಂ ಕೋರ್ಟಿನಲ್ಲಿದೆ ಎಂದು ಎಲೆಕ್ಷನ್ ನಡೆಯಲಿಲ್ಲ. 2022ರ ಮೇನಲ್ಲಿ ಕೋರ್ಟು ಅವರನ್ನು ಇಳಿಸಿ ಮೂವರ ಸಮಿತಿ ಕೂರಿಸಿತು. ಹೊರಗಿನವರು ಫೆಡರೇಷನ್ ನಡೆಸಬಾರದು ಎಂಬುದು ಫಿಫಾ ನಿಯಮ, ಅದು ಬಾಗಿಲು ಹಾಕಿತು. ಫಿಫಾದವರೇನು ಹಾಲಲ್ಲಿ ತೊಳೆದವರಲ್ಲ, ಅದು ಜಗತ್ತಿಗೇ ಗೊತ್ತು. ಆದರೆ ಎಲೆಕ್ಷನ್ ಹೊತ್ತಿಗೆ ಸರಿಯಾಗಿ ಮಾಡಿದ್ದರೆ ಅವರಿಗೆ ನೆಪ ಎಲ್ಲಿ ಸಿಗುತ್ತಿತ್ತು?

ಸೆಪ್ಟೆಂಬರ್ 2ಕ್ಕೆ ಅಧ್ಯಕ್ಷರ ಎಲೆಕ್ಷನ್ ಆಯಿತು. ಒಂದು ಕಡೆ ಭೈಚುಂಗ್ ಭುಟಿಯಾ, ಇನ್ನೊಂದು ಕಡೆ ಹಳೇ ಗೋಲ್‌ಕೀಪರ್, ಬಿಜೆಪಿಯ ಕಲ್ಯಾಣ್ ಚೌಬೆ. ಮತ ಹಾಕುವವರು ರಾಜ್ಯ ಸಂಸ್ಥೆಗಳವರು. ಭುಟಿಯಾಗೆ ಬಿದ್ದದ್ದು 1, ಚೌಬೆಗೆ 33. ಒಂದು! ದೇಶ ಕಂಡ ದೊಡ್ಡ ಆಟಗಾರನಿಗೆ.

ಬುದ್ಧಿ ಬಂತಾ? 2025ರ ಆಗಸ್ಟ್‌ನಲ್ಲಿ ಫಿಫಾ ಮತ್ತೆ ಪತ್ರ ಬರೆಯಿತು, ಅಕ್ಟೋಬರ್ 30ರೊಳಗೆ ಫೆಡರೇಷನ್ ತನ್ನ ಸಂವಿಧಾನ ಒಪ್ಪಿಕೊಳ್ಳದಿದ್ದರೆ ಸಸ್ಪೆಂಡ್ ಎಂದು. ಅವಸರದಲ್ಲಿ ಮುಗಿಸಿಕೊಂಡರು. ಅದೇ ವರ್ಷ ಜುಲೈನಲ್ಲಿ ನಮ್ಮ ಹೆಣ್ಣುಮಕ್ಕಳು ಥಾಯ್ಲೆಂಡಿಗೆ ಹೋಗಿ ಅವರದೇ ನೆಲದಲ್ಲಿ 2-1 ಗೆದ್ದು ಏಷ್ಯಾ ಕಪ್‌ಗೆ ಅರ್ಹತೆ ಪಡೆದಿದ್ದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಹೊಡೆದದ್ದು. ಆ ಪತ್ರದ ಗಡುವು ತಪ್ಪಿದ್ದರೆ ಹೋಗುತ್ತಿದ್ದದ್ದು ಇವರ ಟಿಕೆಟ್, ಕುರ್ಚಿಯಲ್ಲಿ ಕೂತವರದ್ದಲ್ಲ.

ಇಷ್ಟೆಲ್ಲಾ ಹೇಳುವಷ್ಟರಲ್ಲಿ ಚಹಾ ಆರಿಹೋಗಿತ್ತು. ದೋಸ್ತ ತಲೆ ಅಲ್ಲಾಡಿಸಿ, "ಅದು ಖರೆ ಬಿಡು. ಆದ್ರ 142ನೂ ಖರೇನ ಅಲ್ಲ?" ಎಂದ.

ಹೌದಪ್ಪಾ, ಖರೆ.