ಕಿಟಕಿ ಇಲ್ಲದ ಕೋಣೆಯಲ್ಲಿ ಸೆಲ್ಫಿ ಹೇಗೆ?

ಬೆಳಿಗ್ಗೆ ಕಣ್ಣು ಬಿಡುವ ಮುಂಚೆಯೇ ಫೋನಿನ ಯೋಗ ಆ್ಯಪ್ ಕಿರುಚಿತು. 'ನಿಮ್ಮ 41 ದಿನಗಳ ಯೋಗ ಸ್ಟ್ರೀಕ್ ಮುರಿದಿದೆ!' ಪಕ್ಕದಲ್ಲಿ ಅಳುತ್ತಿರುವ ಒಂದು ಕಮಲ. ಯೋಗ ಅಂದರೆ ಚಿತ್ತವೃತ್ತಿಯನ್ನು, ಅಂದರೆ ಮನಸ್ಸಿನ ಅಲೆದಾಟವನ್ನು ತಡೆಯುವುದು ಅಂತ ಪತಂಜಲಿ ತಮ್ಮ ಯೋಗಸೂತ್ರಗಳ ಎರಡನೇ ಸೂತ್ರದಲ್ಲೇ ಹೇಳಿಬಿಟ್ಟಿದ್ದಾರೆ. ಈ ಆ್ಯಪ್‌ನವರು ಮೊದಲು ನನ್ನ ಚಿತ್ತ ಕಲಕುತ್ತಾರೆ, ಆಮೇಲೆ ಅದನ್ನು ತಣ್ಣಗಾಗಿಸಲು ಪ್ರೀಮಿಯಂ ಪ್ಯಾಕ್ ಮಾರುತ್ತಾರೆ.

'ಶಾಸ್ತ್ರವನ್ನು ಇಂದಿನ ಬದುಕಿಗೆ ಹೊಂದಿಸಿದ್ದೇವೆ' ಅಂತ ಜಾಹೀರಾತು. ಹೊಂದಿಸಿ ಸ್ವಾಮಿ, ತಕರಾರಿಲ್ಲ. 15ನೇ ಶತಮಾನದ ಯೋಗಗ್ರಂಥ ಹಠಯೋಗ ಪ್ರದೀಪಿಕೆ ಕೇಳುವುದು ಸಣ್ಣ ಬಾಗಿಲಿನ, ಕಿಟಕಿಯೇ ಇಲ್ಲದ, ಸಗಣಿ ಸಾರಿಸಿದ ಕುಟೀರ. ಕಿಟಕಿ ಇಲ್ಲದಿದ್ದರೆ ಶೀರ್ಷಾಸನದ ಸೆಲ್ಫಿಗೆ ಬೆಳಕು ಎಲ್ಲಿಂದ ಬರಬೇಕು? ಈ ವಿದ್ಯೆಯನ್ನು ಗುಟ್ಟಾಗಿಡಿ, ಬಯಲು ಮಾಡಿದರೆ ಸತ್ವ ಹೋಗುತ್ತದೆ ಅಂತಲೂ ಅದರಲ್ಲಿದೆ. ಅದನ್ನೂ ಹೊಂದಿಸಿ ಆಯಿತು. ಈಗ ಗುಟ್ಟಾಗಿರುವುದು ಚಂದಾ ಹಣ ಮಾತ್ರ, ಏಳು ದಿನದ ಫ್ರೀ ಮುಗಿದ ಮೇಲೇ ಅದು ಗೊತ್ತಾಗುವುದು.

ಅದೇ ಗ್ರಂಥದಲ್ಲಿ ಊಟದ ವಿಷಯಕ್ಕೆ ಬಂದರೆ ಇನ್ನೂ ಮಜಾ. ಹುಳಿ, ಖಾರ, ಉಪ್ಪು ಬೇಡ. ಮೊಸರು, ಮಜ್ಜಿಗೆ, ಹುರುಳಿ, ಇಂಗು, ಬೆಳ್ಳುಳ್ಳಿ ಕೂಡ ಬೇಡ. ಹಾಲು, ತುಪ್ಪ, ಬೆಣ್ಣೆ, ಸಕ್ಕರೆ, ಜೇನು ಆಗಬಹುದು. ಆಗಬಹುದು ಅಂದದ್ದನ್ನು ನಾನು ಚಾಚೂ ತಪ್ಪದೆ ಪಾಲಿಸುತ್ತೇನೆ, ಬೇಡ ಅಂದದ್ದನ್ನು ಇಂದಿನ ಬದುಕಿಗೆ ಹೊಂದಿಸಿಕೊಂಡಿದ್ದೇನೆ. ಹೊಟ್ಟೆಯ ಕಾಲು ಭಾಗ ಖಾಲಿ ಬಿಡಬೇಕಂತೆ. ಬಿಡೋಣ, ಬಡಿಸುವವರು ಬಿಡಬೇಕಲ್ಲ! ಬೆಳಗಿನ ಸ್ನಾನ, ಉಪವಾಸದಂಥ ಮೈದಂಡನೆಯೂ ಬೇಡ ಅಂತ ಒಂದು ಸಾಲಿದೆ. ಅದನ್ನು ಯಾರೂ ಪೋಸ್ಟರ್ ಮಾಡಿದ್ದು ನಾನಂತೂ ನೋಡಿಲ್ಲ.

ಇನ್ನು ಅಪರಿಗ್ರಹ, ಅಂದರೆ ಬೇಡದ್ದನ್ನು ಕೂಡಿಡದಿರುವುದು. ಅದನ್ನು ಸಾಧಿಸಲು ಒಂದು ಚಾಪೆ, ಚಾಪೆಗೊಂದು ಚೀಲ, ಚಾಪೆ ಒರೆಸಲು ಒಂದು ಸ್ಪ್ರೇ.

ಇಷ್ಟೆಲ್ಲ ನಗಬಹುದು. ಆದರೆ ಮೊನ್ನೆ ನಗು ಬರಲಿಲ್ಲ. ನನ್ನ ಗೆಳತಿಯೊಬ್ಬಳು ನರ್ಸ್, ಅವಳಿಗೆ ನೈಟ್ ಶಿಫ್ಟೇ ಜಾಸ್ತಿ. ಡ್ಯೂಟಿ ಮುಗಿಸಿ ಯೋಗ ಕ್ಲಾಸಿಗೆ ತಡವಾಗಿ ಬಂದವಳಿಗೆ ಗುರುಗಳು ಎಲ್ಲರೆದುರು, 'ಬ್ರಾಹ್ಮೀ ಮುಹೂರ್ತ ತಪ್ಪಿದರೆ ಅದು ಯೋಗವೇ ಅಲ್ಲಮ್ಮ' ಅಂದರಂತೆ. ಹೇಳಿದ್ದು ಏಸಿ ಹಾಲ್‌ನಲ್ಲಿ ನಿಂತು, ಕಾಲರ್ ಮೈಕ್ ಸಿಕ್ಕಿಸಿಕೊಂಡು. ಅವಳು ಸುಮ್ನೆ ಚಾಪೆ ಸುತ್ತಿಕೊಂಡು ಬಂದಳು.

ರೀ, ಅದೇ ಪ್ರದೀಪಿಕೆಯಲ್ಲಿ ಪ್ರಾಣಾಯಾಮಕ್ಕೆ ನಾಲ್ಕು ಹೊತ್ತು ಹೇಳಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ನಡುರಾತ್ರಿ. ನಡುರಾತ್ರಿ! ಮುದುಕರು, ಕಾಯಿಲೆಯವರು, ಶಕ್ತಿ ಇಲ್ಲದವರು ಕೂಡ ಮಾಡಬಹುದು ಅಂತಿದೆ. ಯೋಗವನ್ನು ಕೆಡಿಸುವ ಆರು ಸಂಗತಿಗಳಲ್ಲಿ ನಿಯಮಾಗ್ರಹ ಒಂದು, ಅಂದರೆ ನಿಯಮಕ್ಕೇ ಜೋತುಬೀಳುವುದು. ಅತಿ ಮಾತು ಇನ್ನೊಂದು. ಮೈಕ್‌ಗೆ, ಏಸಿಗೆ, ಚಂದಾಕ್ಕೆ ಶಾಸ್ತ್ರ ಎಷ್ಟು ಬೇಕಾದರೂ ಬಗ್ಗುತ್ತದೆ ಅಲ್ವಾ? ರಾತ್ರಿಯಿಡೀ ನಿಂತು ಬಂದವಳಿಗೆ ಎರಡು ಗಂಟೆಯ ಮಟ್ಟಿಗೂ ಬಗ್ಗುವುದಿಲ್ಲ. ಸಾಕಾಗಿದೆ ಇದು.

ಅವಳೀಗ ಮನೆಯಲ್ಲೇ ಮಾಡುತ್ತಾಳೆ. ಬೆಳಿಗ್ಗೆ ಒಂಬತ್ತಕ್ಕೆ ಪರದೆಗಳನ್ನೆಲ್ಲ ಎಳೆದು, ಊದಿದ ಕಾಲುಗಳನ್ನು ಗೋಡೆಗೆ ಚಾಚಿ, ಹತ್ತು ನಿಮಿಷ ಉಸಿರು ನೋಡುತ್ತಾ ಮಲಗುತ್ತಾಳೆ. ಅಂತೂ ಕಿಟಕಿ ಇಲ್ಲದ ಕೋಣೆ ಒಬ್ಬಳಿಗಾದರೂ ಸಿಕ್ಕಿತು.