ಮೂರು ಮಿಲಿಮೀಟರ್ ಇಳಿಜಾರು

ಹತ್ತು ತಿಂಗಳಿಂದ ನನ್ನ ಮೇಜಿನ ಮೇಲೆ ಒಂದು ಮಿಗ್-21 ಕೂತಿದೆ. ಆ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್. 1/32 ಸ್ಕೇಲ್, ಅಂದರೆ ನಿಜವಾದ ವಿಮಾನದ ಮೂವತ್ತೆರಡರಲ್ಲಿ ಒಂದು ಪಾಲು. ಮೂತಿಯಿಂದ ಬಾಲದವರೆಗೆ ಹತ್ತಿರ ಹತ್ತಿರ ಅರ್ಧ ಮೀಟರ್. ಇನ್ನೂ ಬಣ್ಣ ಹಚ್ಚಿಲ್ಲ. ರೆಕ್ಕೆಗಳನ್ನು ಒಂದು ಸಲ ಅಂಟಿಸಿ, ಕತ್ತರಿಸಿ, ಮತ್ತೆ ಅಂಟಿಸಿದ್ದೇನೆ.

ಹೋದ ಭಾನುವಾರ ಮಾಡೆಲ್ ಮಾಡುವ ಇಬ್ಬರು ಹುಡುಗರು ಮನೆಗೆ ಬಂದಿದ್ದರು. ನೋಡಿದ ತಕ್ಷಣ ಕೇಳಿದರು, "ಸಾರ್, ಯಾವ ರೆಸಿನ್ ಕಾಕ್‌ಪಿಟ್ ಹಾಕಿದೀರಾ?" ಕಿಟ್ಟಿನಲ್ಲಿ ಬರದ, ಬೇರೆಯಾಗಿ ಕೊಳ್ಳುವ, ಸೂಕ್ಷ್ಮ ಕೆಲಸದ ಪೈಲಟ್ ಕೋಣೆಯ ಸೆಟ್ ಅದು. ಹಾಕಿಲ್ಲ ಎಂದೆ. ಒಬ್ಬನ ಮುಖ ಸಪ್ಪಗಾಯಿತು. "ಮತ್ತೆ ಹತ್ತು ತಿಂಗಳು ಏನ್ ಮಾಡಿದ್ರಿ ಸಾರ್?" ಎಂದ. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಅದನ್ನೆಲ್ಲ ಹೇಳೋಕೆ ಆಗಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ನಂಬಿರುವುದು ಇಷ್ಟು. ದೊಡ್ಡ ಸ್ಕೇಲಿನ ಮಾಡೆಲ್‌ನಲ್ಲಿ ಮೊದಲು ಸರಿಯಾಗಬೇಕಾದದ್ದು ಆಕಾರ ಮತ್ತು ನಿಲುವು. ರಿವೆಟ್ಟು, ಸೀಟ್ ಬೆಲ್ಟು, ಸ್ವಿಚ್ಚು ಎಲ್ಲ ಆಮೇಲೆ. ನಮ್ಮಲ್ಲಿ ಜಾಸ್ತಿ ಜನ ಇದನ್ನು ತಲೆಕೆಳಗಾಗಿ ಮಾಡುತ್ತಿದ್ದೇವೆ. ಕಿಟ್ಟಿನ ಬೆಲೆಗಿಂತ ಹೆಚ್ಚು ದುಡ್ಡು ಬಿಡಿಭಾಗಕ್ಕೆ ಸುರಿಯುತ್ತೇವೆ. ಅಡಿಯಲ್ಲಿರುವ ವಿಮಾನ ಮಾತ್ರ ತಪ್ಪಾಗಿಯೇ ಉಳಿಯುತ್ತದೆ.

ಆಕಾರಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ. ಯಾವ ಮಿಗ್-21? ನಮ್ಮ ವಾಯುಪಡೆಗೆ ಇದು ಬಂದದ್ದು 1963ರಲ್ಲಿ. ಕೊನೆಯವು ನಿವೃತ್ತಿಯಾದದ್ದು 2025ರ ಸೆಪ್ಟೆಂಬರ್ 26ಕ್ಕೆ, ಚಂಡೀಗಢದಲ್ಲಿ. ಅರವತ್ತೆರಡು ವರ್ಷ. 870ಕ್ಕೂ ಹೆಚ್ಚು ವಿಮಾನ. ಬಹುಪಾಲು ನಾಸಿಕ್‌ನ ಎಚ್‌ಎಎಲ್ ಕಾರ್ಖಾನೆಯಲ್ಲೇ ತಯಾರಾದವು. ಇಷ್ಟು ವರ್ಷದಲ್ಲಿ ಅದರ ಬೆನ್ನು ದಪ್ಪವಾಯಿತು, ಪೈಲಟ್ ತಲೆಯ ಮೇಲಿನ ಗಾಜಿನಂಥ ಮುಚ್ಚಳ, ಅಂದರೆ ಕ್ಯಾನಪಿ ಬದಲಾಯಿತು, ವೇಗ ಅಳೆಯಲು ಮೂತಿಯ ಮೇಲಿರುವ ಉದ್ದನೆಯ ಪಿಟೋ ಕೊಳವೆ ಜಾಗ ಬಿಟ್ಟು ಜಾಗಕ್ಕೆ ಹೋಯಿತು.

ನಮ್ಮ ದೊಡ್ಡಪ್ಪ ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಒಡಲು, ರೆಕ್ಕೆ ನೋಡಿಕೊಳ್ಳುವ ಮೆಕ್ಯಾನಿಕ್ ಆಗಿದ್ದರು. ಈಗ ಅರಸೀಕೆರೆ ಹತ್ತಿರ ಊರಲ್ಲಿದ್ದಾರೆ. ಅವರ ಬಾಯಲ್ಲಿ ಎಫ್‌ಎಲ್, ಎಂ, ಬಿಸ್ ಅನ್ನೋ ಮಾದರಿಗಳ ಹೆಸರು ಬರುವುದೇ ಇಲ್ಲ. ಅದೇ ಸಾಲಿನಲ್ಲಿ ಸೆವೆಂಟಿ ಸೆವೆನ್, ನೈಂಟಿ ಸಿಕ್ಸ್, ಸೆವೆಂಟಿ ಫೈವ್. ಟೈಪ್ ನಂಬರ್ ಅಷ್ಟೇ. ಟೈಪ್ 77 ಅಂದರೆ 1971ರ ಯುದ್ಧದಲ್ಲಿ ಇದ್ದದ್ದು. ಅದರ ಬೆನ್ನು ಸಪೂರ, ಕ್ಯಾನಪಿ ಮುಂದಕ್ಕೆ ತೆರೆದುಕೊಳ್ಳುತ್ತದೆ, ರೆಕ್ಕೆಯಡಿ ಆಯುಧ ತೂಗುಹಾಕುವ ಪೈಲನ್ ಎರಡೇ. ಟೈಪ್ 96ಕ್ಕೆ ಬಂದರೆ ಬೆನ್ನು ಉಬ್ಬಿದೆ, ಕ್ಯಾನಪಿ ಪಕ್ಕಕ್ಕೆ ತೆರೆಯುತ್ತದೆ, ಪೈಲನ್ ನಾಲ್ಕು, ಹೊಟ್ಟೆಯಲ್ಲಿ 23 ಮಿಲಿಮೀಟರಿನ ಜೋಡಿ ನಳಿಗೆ ಗನ್. ಪಿಟೋ 77ರಲ್ಲಿ ಮೂತಿಯ ಮೇಲೆ ಸರಿಯಾಗಿ ಮಧ್ಯಕ್ಕಿದೆ. 96ರಲ್ಲಿ ಬಲಕ್ಕೆ ಸರಿದಿದೆ. ದೊಡ್ಡಪ್ಪ ಜಾಸ್ತಿ ಕೆಲಸ ಮಾಡಿದ್ದು 96ರ ಮೇಲೆ. ಹಾಗಾಗಿ ನನ್ನದೂ 96. ಅದರಲ್ಲೂ ಯಾವುದೋ ಒಂದು 96 ಸಾಲದು. ಅವರ ಹಳೇ ಆಲ್ಬಮ್ಮಿನಲ್ಲಿ ಒಂದು ಕಪ್ಪುಬಿಳುಪು ಫೋಟೋ ಇದೆ. ನಾಲ್ಕು ಜನ ಸಾಲಾಗಿ ನಿಂತಿದ್ದಾರೆ, ಹಿಂದೆ ವಿಮಾನ. ಆ ಫೋಟೋದಲ್ಲಿರುವ ವಿಮಾನವೇ ಬೇಕು.

ಇಷ್ಟು ತೀರ್ಮಾನವಾದ ಮೇಲೆ ಅಳತೆ. ಮಿಗ್-21ರ ರೆಕ್ಕೆಯ ಹರವು 7.154 ಮೀಟರ್. 32ರಿಂದ ಭಾಗಿಸಿದರೆ 223.6 ಮಿಲಿಮೀಟರ್. ನನ್ನ ಕಿಟ್ಟಿನಲ್ಲಿ ಅದು ಹೆಚ್ಚುಕಮ್ಮಿ ಸರಿಯಾಗಿಯೇ ಇತ್ತು. ಉದ್ದದ ವಿಷಯಕ್ಕೆ ಬಂದರೆ ಹುಷಾರಾಗಿರಬೇಕು. ಪುಸ್ತಕಗಳಲ್ಲಿ ಕಾಣುವ 15.76 ಮೀಟರ್ ಪಿಟೋ ಕೊಳವೆಯನ್ನೂ ಸೇರಿಸಿದ ಲೆಕ್ಕ. ಕೆಲವರು ಪಿಟೋ ಬಿಟ್ಟು ಬರೆಯುತ್ತಾರೆ. ಇದು ಗೊತ್ತಿಲ್ಲದೆ "ಕಿಟ್ ಗಿಡ್ಡ ಇದೆ" ಎಂದು ಒಡಲನ್ನು ಕತ್ತರಿಸಿ ನಡುವೆ ಪಟ್ಟಿ ಸೇರಿಸಲು ಹೊರಟವರನ್ನು ನೋಡಿದ್ದೇನೆ. ಗರಗಸ ಎತ್ತುವ ಮುಂಚೆ, ಅಳತೆ ಎಲ್ಲಿಂದ ಎಲ್ಲಿಗೆ ಅಂತ ಕೇಳಿಕೊಳ್ಳಿ.

ರೆಕ್ಕೆಯ ಮುಂದಿನ ಅಂಚಿನ ಓರೆ 57 ಡಿಗ್ರಿ. ಮಗಳ ಕಂಪಾಸ್ ಬಾಕ್ಸಿನ ಕೋನಮಾಪಕ ಇಟ್ಟು ನೋಡಿದೆ. ಅದೂ ಸರಿ ಇತ್ತು. ಎಲ್ಲ ಸರಿ ಇದೆ ಅಂತ ಖುಷಿಯಲ್ಲಿ ರೆಕ್ಕೆ ಅಂಟಿಸಿಬಿಟ್ಟೆ.

ಆ ತಿಂಗಳು ದೊಡ್ಡಪ್ಪ ಕಣ್ಣಿನ ಡಾಕ್ಟರ್ ಹತ್ತಿರ ತೋರಿಸೋಕೆ ಬೆಂಗಳೂರಿಗೆ ಬಂದಿದ್ದರು. ಮಾಡೆಲ್ ಕೈಗೆ ತೆಗೆದುಕೊಳ್ಳಲಿಲ್ಲ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಮೂತಿಯ ಕಡೆಯಿಂದ ಸುಮಾರು ಹೊತ್ತು ನೋಡಿದರು.

"ಇದ್ಯಾಕೋ ನಮ್ಮ ಮಿಗ್ ನಿಂತಂಗೆ ನಿಂತಿಲ್ಲ ಕಣೋ" ಎಂದರು.

"ಏನು ತಪ್ಪಾಗಿದೆ ದೊಡ್ಡಪ್ಪ?"

ಅವರಿಗೆ ತಕ್ಷಣ ಹೇಳೋಕೆ ಬರಲಿಲ್ಲ. ಎರಡೂ ತೋಳನ್ನು ಅಗಲಿಸಿ ಹಿಡಿದರು. ಆಮೇಲೆ ಅಂಗೈಗಳನ್ನು ಒಂಚೂರು ಕೆಳಗಿಳಿಸಿದರು. "ಹಿಂಗಿರತ್ತೆ. ಮಳೆ ಬಂದ್ರೆ ರೆಕ್ಕೆ ಮೇಲಿನ ನೀರೆಲ್ಲ ತುದಿಗೆ ಹರಿದು ಹೋಗ್ತಿತ್ತು. ನಾವು ಅಡಿಯಲ್ಲಿ ನಿಂತರೆ ಕುತ್ತಿಗೆಗೆ ಬೀಳೋದು."

ಮಿಗ್-21ರ ರೆಕ್ಕೆ ಬುಡದಿಂದ ತುದಿಗೆ 2 ಡಿಗ್ರಿ ಕೆಳಕ್ಕೆ ಇಳಿದಿರುತ್ತದೆ. ಇದು ನಾನು ಓದಿದ್ದ ವಿಷಯವೇ. ಆದರೆ ಕಿಟ್ಟಿನ ರೆಕ್ಕೆ ಸೇರುವ ತೂತುಗಳು ಸ್ವಲ್ಪ ಸಡಿಲ. ಅಂಟು ಒಣಗುವಾಗ ರೆಕ್ಕೆ ಮಟ್ಟವಾಗಿ ಕೂತುಬಿಟ್ಟಿತ್ತು. ಲೆಕ್ಕ ಹಾಕಿದೆ. ಈ ಸ್ಕೇಲಿನಲ್ಲಿ ಒಡಲಿನಿಂದ ಹೊರಗೆ ಕಾಣುವ ರೆಕ್ಕೆ ಸುಮಾರು 92 ಮಿಲಿಮೀಟರ್. ಅಷ್ಟು ದೂರಕ್ಕೆ 2 ಡಿಗ್ರಿ ಅಂದರೆ ತುದಿ 3.2 ಮಿಲಿಮೀಟರ್ ಕೆಳಗಿರಬೇಕು. ಮೂರು ಮಿಲಿಮೀಟರ್! ಅಷ್ಟನ್ನು ಆ ಮನುಷ್ಯ ಪೊರೆ ಬಂದ ಕಣ್ಣಲ್ಲಿ ಆರು ಅಡಿ ದೂರದಿಂದ ಗುರುತಿಸಿದ್ದರು.

ಅವತ್ತು ರಾತ್ರಿಯೇ ಸಣ್ಣ ಗರಗಸದಿಂದ ರೆಕ್ಕೆಗಳನ್ನು ಬಿಡಿಸಿದೆ. ದಪ್ಪ ರಟ್ಟಿನಲ್ಲಿ ಇಳಿಜಾರು ಕತ್ತರಿಸಿ ಎರಡೂ ಕಡೆ ಆಸರೆ ಮಾಡಿದೆ. ಒಡಲಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಂತೆ ಹಿತ್ತಾಳೆ ಕಡ್ಡಿ ತೂರಿಸಿ, ಎರಡೂ ಕಡೆ ಒಂದೇ ಸಮ ಬಗ್ಗಿಸಿ ರೆಕ್ಕೆಗೆ ಸೇರಿಸಿದೆ. ಎರಡು ದಿನ ಮುಟ್ಟಲಿಲ್ಲ. ಬಿರುಕಿಗೆ ಪ್ಲಾಸ್ಟಿಕ್ ಚೂರು, ಅದರ ಮೇಲೆ ಪುಟ್ಟಿ, ಆಮೇಲೆ ನೀರಿನ ಸ್ಯಾಂಡ್‌ಪೇಪರ್. ಈ ಕೆಲಸಕ್ಕೆ ಖರ್ಚಾದದ್ದು ನೂರು ರೂಪಾಯಿಗೂ ಕಡಿಮೆ. ಯಾವ ರೆಸಿನ್ ಕಾಕ್‌ಪಿಟ್ ಕೂಡ ಈ ಮಾಡೆಲ್ಲನ್ನು ಇಷ್ಟು ಬದಲಾಯಿಸುತ್ತಿರಲಿಲ್ಲ.

ಇನ್ನು ಪ್ಯಾನೆಲ್ ಗೆರೆಗಳು, ಅಂದರೆ ವಿಮಾನದ ಮೈಯ ತಗಡುಗಳು ಸೇರುವ ಗೆರೆಗಳು. ಇದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ. ದೊಡ್ಡ ಮಾಡೆಲ್ ಅಂದ ತಕ್ಷಣ ಗೆರೆಗಳನ್ನು ಆಳವಾಗಿ ಕೊರೆದು, ಅದರೊಳಗೆ ಕಪ್ಪು ಬಣ್ಣ ಹರಿಸುವುದು ಈಗ ರೂಢಿಯಾಗಿದೆ. ಒಂದು ಸಲ ಲೆಕ್ಕ ಹಾಕಿ. 1/32ರಲ್ಲಿ 0.3 ಮಿಲಿಮೀಟರ್ ಅಗಲದ ಗೆರೆ ಅಂದರೆ ನಿಜವಾದ ವಿಮಾನದಲ್ಲಿ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬಿರುಕು. ಬೆರಳು ತೂರಿಸಬಹುದು! ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ ವಿಮಾನದ ಮೈಮೇಲೆ ಅಂಥ ಬಿರುಕು ಇರುತ್ತದಾ? ಹತ್ತು ಹೆಜ್ಜೆ ದೂರದಿಂದ ನಿಜವಾದ ಮಿಗ್ ನೋಡಿದರೆ ಅರ್ಧಕ್ಕರ್ಧ ಗೆರೆಗಳು ಕಾಣುವುದೇ ಇಲ್ಲ. ಆಗಾಗ ತೆರೆಯುವ ಮುಚ್ಚಳಗಳ ಅಂಚು ಮಾತ್ರ ಎಣ್ಣೆ ಕೈ ತಾಗಿ ಕಪ್ಪಾಗಿರುತ್ತದೆ. ಹಾಗಾಗಿ ನಾನು ಎಲ್ಲ ಗೆರೆಗಳ ಮೇಲೂ ಗಟ್ಟಿ ಪ್ರೈಮರ್ ಎರಡು ಸಲ ಎಳೆದು ಉಜ್ಜಿದೆ. ಕೂದಲೆಳೆಯಷ್ಟು ಉಳಿಯಿತು. ತೆರೆಯುವ ಮುಚ್ಚಳಗಳನ್ನು ಮಾತ್ರ ಸೂಜಿಯಿಂದ ಮತ್ತೆ ಎಳೆದೆ.

ದಪ್ಪದ ತಪ್ಪೂ ಇಂಥದ್ದೇ. ರೆಕ್ಕೆಯ ಹಿಂಭಾಗದ ಅಂಚು ಕಿಟ್ಟಿನಲ್ಲಿ 0.8 ಮಿಲಿಮೀಟರ್ ಇತ್ತು. ನಿಜದ ಲೆಕ್ಕದಲ್ಲಿ ಎರಡೂವರೆ ಸೆಂಟಿಮೀಟರ್. ಮೇಲಿನ ತುಂಡು, ಕೆಳಗಿನ ತುಂಡು ಅಂಟಿಸುವ ಮುಂಚೆಯೇ ಎರಡನ್ನೂ ಒಳಗಿನಿಂದ ಉಜ್ಜಿ ತೆಳು ಮಾಡಬೇಕು. ಆಮೇಲೆ ಆಗುವುದಿಲ್ಲ.

ಮೂತಿಯ ಗಾಳಿದ್ವಾರದ ಒಳಗೆ ಏನೂ ಮಾಡಲಿಲ್ಲ. ನಿಜವಾದ ವಿಮಾನದಲ್ಲಿ ಗಾಳಿಯ ದಾರಿ ಪೈಲಟ್ಟಿನ ಎರಡೂ ಪಕ್ಕಕ್ಕೆ ಸೀಳಿಕೊಂಡು ಹಿಂದೆ ಎಂಜಿನ್ ಹತ್ತಿರ ಮತ್ತೆ ಸೇರುತ್ತದೆ. ಆದರೆ ನಡುವೆ ಕೋನ್ ಕೂತಿರುವುದರಿಂದ ಹೊರಗಿನವರಿಗೆ ಕಾಣುವುದು ಸಣ್ಣ ಬಳೆಯಷ್ಟು ಕತ್ತಲೆ. ಆ ಕತ್ತಲೆ ಸಾಕು. ಕೋನಿನ ಒಳಗೆ ಮೀನು ಹಿಡಿಯುವ ಬಲೆಯ ಸೀಸದ ಗುಂಡು ತುಂಬಿದೆ, ಇಲ್ಲದಿದ್ದರೆ ವಿಮಾನ ಬಾಲದ ಮೇಲೆ ಕೂತುಬಿಡುತ್ತದೆ. ಪಿಟೋ ಕೊಳವೆಗೆ ಇಂಜೆಕ್ಷನ್ ಸೂಜಿ. ಒಂದರೊಳಗೆ ಒಂದು ಕೂರುವ ಎರಡು ಸೈಜು ಸಿಕ್ಕಿದರೆ ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಪಿಟೋಗಿಂತ ಚೆನ್ನಾಗಿ ಬರುತ್ತದೆ.

ಕಾಕ್‌ಪಿಟ್ ಬಗ್ಗೆ ಒಂದೇ ಮಾತು. ಒಳಗಿನ ಬಣ್ಣ ನೀಲಿಹಸಿರು, ಸೋವಿಯತ್ ವಿಮಾನಗಳ ಗುರುತು ಅದು. ಮೀಟರ್‌ಗಳ ಬೋರ್ಡಿನ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಬಿಳಿ ಗೆರೆ ಇರುತ್ತದೆ. ವಿಮಾನ ಗಿರಗಿರ ತಿರುಗಿ ಬೀಳುವಾಗ ಪೈಲಟ್ ತನ್ನ ಕೈಯಲ್ಲಿರುವ ಸ್ಟಿಕ್ಕನ್ನು ಆ ಗೆರೆಯ ಕಡೆಗೆ ತಳ್ಳಬೇಕು. ಯಾವುದು ಮಧ್ಯ ಎಂದು ತಿಳಿಯದ ಹೊತ್ತಿನಲ್ಲಿ ಅದೊಂದೇ ಗುರುತು. ನೂರಾರು ಸಣ್ಣ ಭಾಗ ಇರುವ ದುಬಾರಿ ಸೆಟ್ ಹಾಕಿ ಈ ಗೆರೆ ಮರೆತ ಮಾಡೆಲ್‌ಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮಿಗ್-21 ಅಪಘಾತಗಳಲ್ಲಿ ನಮ್ಮ ಎಷ್ಟೋ ಹುಡುಗರು ಹೋಗಿದ್ದಾರೆ. ಅವರ ಕಣ್ಣೆದುರು ಇದ್ದ ಗೆರೆ ಅದು. ಗುರುತುಗಳನ್ನು ಅಂಟಿಸುವ ಡೆಕಾಲ್ ಹಾಳೆಯ ಅಂಚಿನಲ್ಲಿ ಉಳಿದ ಬಿಳಿ ಚೂರು ಸಾಕು, ಹಾಕಿ.

ಚಕ್ರಗಳ ವಿಷಯ ಹೇಳಬೇಕು, ಯಾಕಂದರೆ ನನ್ನ ಅಳತೆಗೋಲು ಅದೇ. ಟೈಪ್ 96ರ ಮುಖ್ಯ ಟೈರು 800 ಮಿಲಿಮೀಟರ್ ವ್ಯಾಸ, 200 ಅಗಲ. ಮಾಡೆಲ್‌ನಲ್ಲಿ 25 ಮಿಲಿಮೀಟರ್. ಕಾಲು ಮಡಚಿದಾಗ ಈ ಚಕ್ರ ತೆಳ್ಳನೆಯ ರೆಕ್ಕೆಯಲ್ಲಿ ಹಿಡಿಯುವುದಿಲ್ಲ. ತಿರುಗಿಕೊಂಡು ಒಡಲಿನ ಪಕ್ಕದಲ್ಲಿ ನೆಟ್ಟಗೆ ನಿಲ್ಲುತ್ತದೆ. ರೆಕ್ಕೆಯ ಮೇಲ್ಗಡೆ ಒಡಲಿನ ಬದಿಯಲ್ಲಿ ಉಬ್ಬು ಇರುವುದು ಅದಕ್ಕೇ. ಪಕ್ಕದಿಂದ ತೆಗೆದ ಫೋಟೋ ಸಿಕ್ಕಿದರೆ ಮೊದಲು ಟೈರನ್ನು ಅಳೆಯಿರಿ. ಅದು 800 ಅಂತ ಗೊತ್ತಿರುವಾಗ ವಾಯುಪಡೆಯ ವೃತ್ತದ ಗುರುತು ಎಷ್ಟು ದೊಡ್ಡದು, ಬಾಲದ ಮೇಲಿನ ಪಟ್ಟಿ ಎಷ್ಟು, ನಂಬರಿನ ಅಕ್ಷರ ಎಷ್ಟೆತ್ತರ, ಎಲ್ಲ ಲೆಕ್ಕಕ್ಕೆ ಸಿಗುತ್ತದೆ. ದೂರದಿಂದ ಜೂಮ್ ಮಾಡಿದ ಫೋಟೋ ಬೇಕು. ಹತ್ತಿರದಿಂದ ತೆಗೆದರೆ ಮುಂದಿರುವುದು ದೊಡ್ಡದಾಗಿ ಕಂಡು ಲೆಕ್ಕ ಕೆಡುತ್ತದೆ. ಟೈರಿನ ಅಡಿಯನ್ನು ಒಂಚೂರು ಚಪ್ಪಟೆ ಮಾಡುವುದನ್ನೂ ಮರೆಯಬೇಡಿ. ಅಷ್ಟು ಟನ್ ಭಾರ ಹೊತ್ತು ನಿಂತಿದೆ ಅಲ್ವಾ.

ಫೋಟೋ ಯಾಕೆ, ಸರ್ಕಲ್‌ನಲ್ಲಿ ನಿಲ್ಲಿಸಿರುವ ವಿಮಾನ ಹೋಗಿ ನೋಡಿದರಾಯಿತಲ್ಲ ಅಂತ ಸುಮಾರು ಜನ ಹೇಳುತ್ತಾರೆ. ಹೋಗಿದ್ದೇನೆ. ಊರಿನ ಹೆಸರು ಬೇಡ. ಕಂಬದ ಮೇಲಿನ ಆ ಮಿಗ್ಗಿನ ಕ್ಯಾನಪಿಗೆ ಬಣ್ಣ ಬಳಿದಿದ್ದರು. ಪಿಟೋ ಅರ್ಧಕ್ಕೆ ಕತ್ತರಿಸಿತ್ತು. ಗಾಳಿದ್ವಾರಕ್ಕೆ ತಗಡು ಹೊಡೆದಿತ್ತು. ಗೇಟಿಗೆ ಬಳಿಯುವ ಪೇಂಟಿನಲ್ಲಿ ವೃತ್ತ ಬರೆದಿದ್ದರು. ನಮ್ಮ ವಾಯುಪಡೆಯ ವೃತ್ತದಲ್ಲಿ ಕೇಸರಿ ಹೊರಗೆ, ನಡುವೆ ಬಿಳಿ, ಒಳಗೆ ಹಸಿರು. ಅಲ್ಲಿ ಹಸಿರು ಹೊರಗೆ ಬಂದಿತ್ತು. ಕೆಳಗೆ ಮಕ್ಕಳು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಆ ಮಕ್ಕಳಿಗೆ ಅದೇ ಮಿಗ್ ಅಂತ ಉಳಿಯುತ್ತದೆ. ನನಗೆ ಸಿಟ್ಟೂ ಬಂತು, ಬೇಜಾರೂ ಆಯಿತು.

ಈಗ ಮಿಗ್-21 ಪೂರ್ತಿ ನಿವೃತ್ತಿಯಾಗಿದೆ. ಇನ್ನಷ್ಟು ವಿಮಾನಗಳು ಕಾಲೇಜಿನ ಅಂಗಳಕ್ಕೆ, ಪಾರ್ಕಿಗೆ, ಸರ್ಕಲ್ಲಿಗೆ ಬರಬಹುದು. ತರಿಸಿಕೊಳ್ಳುವವರಲ್ಲಿ ನನ್ನ ಬೇಡಿಕೆ ಒಂದೇ. ಕಂಬಕ್ಕೆ ಏರಿಸುವ ಮುಂಚೆ, ಬಣ್ಣ ಕೆರೆಯುವ ಮುಂಚೆ, ಒಂದು ದಿನ ಕೊಡಿ. ಟೇಪು, ಕ್ಯಾಮೆರಾ ಹಿಡಿದು ಬರೋಕೆ ನಮ್ಮಂಥವರು ಎಷ್ಟೋ ಜನ ಇದ್ದೇವೆ. ವಿಮಾನದ ಒಂದೊಂದು ಮುಚ್ಚಳದ ಫೋಟೋ ತೆಗೆದು, ಅಳತೆ ಬರೆದು, ಬಣ್ಣದ ಗುರುತು ಇಟ್ಟು, ನಿಮಗೂ ಒಂದು ಪ್ರತಿ ಕೊಡುತ್ತೇವೆ. ಐದು ವರ್ಷ ಬಿಟ್ಟು ಮತ್ತೆ ಪೇಂಟ್ ಮಾಡಿಸುವಾಗ ಅದು ನಿಮಗೇ ಬೇಕಾಗುತ್ತದೆ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಿಗ್-21 ನೆಲದ ಮೇಲೇ ಇದೆ. ಮಾಡೆಲ್ ಮಾಡುವ ಹುಡುಗರು ಒಂದು ಬೆಳಿಗ್ಗೆ ಅಲ್ಲಿ ಕಳೆಯಿರಿ. ಕಿಟ್ಟಿನ ಜೊತೆ ಬಂದ ಚಿತ್ರಕ್ಕಿಂತ ಜಾಸ್ತಿ ಕಲಿಯುತ್ತೀರಿ.

ನಿಮ್ಮ ಮನೆಯಲ್ಲೂ ಟೈಪ್ 96ರ ಮೇಲೆ ಕೆಲಸ ಮಾಡಿದ ಅಪ್ಪ, ಮಾವ, ತಾತ ಯಾರಾದರೂ ಇದ್ದರೆ ಅವರ ಆಲ್ಬಮ್ ತೆಗೆದು ನೋಡಿ. ವಿಮಾನದ ಹಿಂಭಾಗ ಕಾಣುವ ಒಂದು ಫೋಟೋ ನನಗೆ ತುಂಬಾ ಬೇಕಾಗಿದೆ. ಎಂಜಿನ್ ಬಿಸಿಗೆ ಬಾಲದ ಲೋಹ ಹೇಗೆ ಬಣ್ಣ ತಿರುಗಿತ್ತು ಅನ್ನುವುದು ದೊಡ್ಡಪ್ಪನ ಫೋಟೋದಲ್ಲಿ ಕಾಣುವುದಿಲ್ಲ, ಅಲ್ಲಿ ನಾಲ್ಕು ಜನ ಅಡ್ಡ ನಿಂತಿದ್ದಾರೆ.

ಮುಂದಿನ ತಿಂಗಳು ದೊಡ್ಡಪ್ಪ ಮತ್ತೆ ಬರುತ್ತಾರೆ. ಕಣ್ಣಿನ ಆಪರೇಷನ್ ಆಗಿದೆ, ಈಗ ಚೆನ್ನಾಗಿ ಕಾಣುತ್ತಂತೆ. ಅಷ್ಟರಲ್ಲಿ ಒಡಲಿಗೆ ಪ್ರೈಮರ್ ಹೊಡೆದಿರುತ್ತೇನೆ. ಚಕ್ರದ ಗೂಡಿಗೆ ಬೇಕಾದ ತಾಮ್ರದ ತಂತಿ ಎಸ್‌ಪಿ ರೋಡಿನಿಂದ ತಂದು, ನಾಲ್ಕು ದಪ್ಪದಲ್ಲಿ ಕತ್ತರಿಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅಂಟಿಸಿಲ್ಲ. ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಅಂತ ಅವರೇ ಕೂತು ತೋರಿಸಲಿ.