ಚೈಸಾಸ್ಟರಿನ ತೊಟ್ಟಿಮನೆಗಳು

ಮನೆಗೆ ಬಂದು ನಾಲ್ಕು ಗಂಟೆಯಾಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಚೈಸಾಸ್ಟರ್‌ಗೆ ಹೋಗಿದ್ದೆವು. ಪೆನ್ಜಾನ್ಸ್ ಹತ್ತಿರದ ಗುಡ್ಡದ ಮೇಲೆ, ರೋಮನ್ನರ ಕಾಲದ ರೈತರ ಹಳ್ಳಿ. ಸುಮಾರು 1800 ವರ್ಷ ಹಳೆಯದು. ನಮ್ಮ ಹಿಂದೆಯೇ ಬಂದ ಒಂದು ಕುಟುಂಬ ಐದು ನಿಮಿಷ ನೋಡಿ, 'ಬರೀ ಕಲ್ಲು' ಅಂದಿತು. ಅವರ ಹುಡುಗ ಗೋಡೆ ಹತ್ತಿ ಕುಣಿಯುತ್ತಿದ್ದ. ಕಾಲಡಿಯ ಕಲ್ಲು ಅಲ್ಲಾಡುತ್ತಿತ್ತು. ಇಳಿಯೋ ಅಂತ ಒಬ್ಬರೂ ಹೇಳಲಿಲ್ಲ.

ಬರೀ ಕಲ್ಲಾ? ನಡುವೆ ಬಯಲು ಅಂಗಳ, ಸುತ್ತಲೂ ಕೋಣೆ, ಅವುಗಳ ಮೇಲೆ ಹುಲ್ಲಿನ ಮಾಡು ಇತ್ತು. ನಮ್ಮ ತೊಟ್ಟಿಮನೆ ನೆನಪಾಗಲ್ವಾ? ಬೀದಿಯ ಎರಡೂ ಬದಿ ಮನೆಗಳು. ಚಪ್ಪಡಿ ಮುಚ್ಚಿದ ಚರಂಡಿ. ಹಿಂದೆ ಹಿತ್ತಲು. ಇಂಥ ಮನೆ ಸಿಗೋದು ಕಾರ್ನ್‌ವಾಲ್‌ನ ಪಶ್ಚಿಮ ತುದಿ ಮತ್ತು ಸಿಲ್ಲಿ ದ್ವೀಪಗಳಲ್ಲಿ ಮಾತ್ರ. ಅತ್ತ ಎಕ್ಸೆಟರ್‌ನಲ್ಲಿ ರೋಮನ್ನರ ಪಟ್ಟಣ ಎದ್ದಿತ್ತು. ಇಲ್ಲಿಯವರು ತಮ್ಮ ರೀತಿಯಲ್ಲೇ ಮನೆ ಕಟ್ಟಿಕೊಂಡಿದ್ದರು.

ಒಂದು ಕೋಣೆಯಲ್ಲಿ ಗುಳಿ ಬಿದ್ದ ಕಲ್ಲಿದೆ. ಮಾಡಿನ ಕಂಬ ನಿಲ್ಲಿಸೋಕೆ ಇರಬಹುದು, ಕಾಳು ಕುಟ್ಟೋಕೆ ಇರಬಹುದು ಅಂತಾರೆ. ಮಳೆನೀರು ನಿಂತಿತ್ತು. ಕೈಯಿಟ್ಟೆ, ಒಳಗೆಲ್ಲ ನುಣುಪು.

ಅಲ್ಲಿನ ಗ್ರಾನೈಟ್ ನೆಲದ ಮಣ್ಣು ಹುಳಿ. ಮೂಳೆಯನ್ನೂ ತಿಂದುಹಾಕುತ್ತದೆ. ಆ ಜನರದ್ದು ಅಂತ ಉಳಿಯೋದು ಮಡಕೆ ಚೂರು, ಬೀಸುಕಲ್ಲು, ಈ ಗೋಡೆ, ಅಷ್ಟೇ. ಅದಕ್ಕೇ ಹೊಟ್ಟೆ ಉರಿಯೋದು. ಕಲ್ಲು, ಮಡಕೆ ಚೂರು ಬಿಟ್ಟರೆ ಅವರ ಬಗ್ಗೆ ಹೇಳೋಕೆ ಇನ್ನೇನೂ ಇಲ್ಲ, ಆ ಕಲ್ಲನ್ನೇ ತುಳೀತಾರೆ!

ಮಕ್ಕಳು ಆಡಬಾರದಾ ಅಂತ ಕೇಳಬಹುದು. ಆಡಲಿ, ಗುಡ್ಡದ ತುಂಬ ಹುಲ್ಲಿದೆ. ಇದು ಸಂರಕ್ಷಿತ ಜಾಗ. ಪುರಾತನ ಸ್ಮಾರಕಗಳ 1979ರ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಅಗೆಯುವಂತಿಲ್ಲ, ಮೆಟಲ್ ಡಿಟೆಕ್ಟರ್ ತರುವಂತಿಲ್ಲ. ಆದರೆ ಪ್ರತಿ ಗೋಡೆಗೂ ಒಬ್ಬ ಕಾವಲುಗಾರನನ್ನು ಇಡೋಕಾಗುತ್ತಾ? ಇದು ಯಾರದೋ ಮನೆ ಅಂತ ನೋಡೋರಿಗೇ ಅನ್ನಿಸಬೇಕು.

ಇಷ್ಟು ಸಿಟ್ಟು ಯಾಕೆ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಊರಲ್ಲಿ ಅಜ್ಜಿಯ ತೊಟ್ಟಿಮನೆ ಕೆಡವಿದ ದಿನ ನಾನೂ ಅಲ್ಲೇ ಇದ್ದೆ. ಒರಳುಕಲ್ಲನ್ನು ಎತ್ತಿ ಟ್ರ್ಯಾಕ್ಟರ್‌ಗೆ ಹಾಕಿದರು. ಸುಮ್ನೆ ನಿಂತು ನೋಡಿದೆ. ಅದು ಎಲ್ಲಿಗೆ ಹೋಯಿತು ಅಂತ ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ.